ಒಂದು ವಾರಂಟು, ಎರಡು ವಿಮಾನ: ಕೆನಡಾ ಸಿಕ್ಕಿಬಿದ್ದ 1,019 ದಿನ

2018ರ ಡಿಸೆಂಬರ್ 1, ಶನಿವಾರ. ಹಾಂಗ್‌ಕಾಂಗ್‌ನಿಂದ ಹೊರಟ ವಿಮಾನವೊಂದು ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಕೆನಡಾದ ವ್ಯಾಂಕೂವರ್‌ನಲ್ಲಿ ಇಳಿಯಿತು. ಅದರಲ್ಲಿದ್ದ ಮೆಂಗ್ ವಾನ್‌ಝೌ ಅಲ್ಲಿ ಕೆಲವು ಗಂಟೆ ಕಳೆದು ಮೆಕ್ಸಿಕೋ ವಿಮಾನ ಹತ್ತಬೇಕಿತ್ತು. ವಿಮಾನದಿಂದ ಹೊರಗೆ ಕಾಲಿಡುತ್ತಿದ್ದ ಹಾಗೇ ಗಡಿ ಅಧಿಕಾರಿಗಳು ಅವರನ್ನು ಪಕ್ಕಕ್ಕೆ ಕರೆದರು. ಫೋನುಗಳನ್ನು ಇಸಿದುಕೊಂಡು ಸಿಗ್ನಲ್ ತಾಗದಂಥ ಚೀಲಕ್ಕೆ ಹಾಕಿದರು. ಬ್ಯಾಗು ತೆರೆದು ನೋಡಿದರು. ಫೋನಿನ ಪಾಸ್‌ಕೋಡ್ ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡರು. ನಿಮ್ಮ ಕಂಪನಿ ಇರಾನ್‌ನಲ್ಲಿ ವ್ಯಾಪಾರ ಮಾಡುತ್ತದೆಯೇ ಅಂತಲೂ ಒಬ್ಬರು ವಿಚಾರಿಸಿದರು. ಆ ಅಧಿಕಾರಿ ಪ್ರಶ್ನೆಗೆ ತಯಾರಾಗಿದ್ದು ವಿಕಿಪೀಡಿಯ ಓದಿಕೊಂಡು ಎಂಬುದು ಆಮೇಲೆ ಕೋರ್ಟಿನಲ್ಲಿ ಗೊತ್ತಾಯಿತು. ಹೀಗೆ ಸುಮಾರು ಮೂರು ಗಂಟೆ. ಅದಾದ ಮೇಲೆ ಪೊಲೀಸರು ಬಂದು, ಅಮೆರಿಕ ಕೋರಿದೆ, ನಿಮ್ಮನ್ನು ಬಂಧಿಸುತ್ತಿದ್ದೇವೆ ಎಂದರು.

ಮೆಂಗ್ ಅಂದರೆ ಚೀನಾದ ಟೆಲಿಕಾಂ ಕಂಪನಿ ಹುವಾವೇಯ ಹಣಕಾಸು ಮುಖ್ಯಸ್ಥೆ. ಕಂಪನಿ ಕಟ್ಟಿದ ರೆನ್ ಝೆಂಗ್‌ಫೇ ಅವರ ಮಗಳು.

ಅದೇ ದಿನ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಟ್ರಂಪ್ ಮತ್ತು ಷಿ ಜಿನ್‌ಪಿಂಗ್ ಒಂದೇ ಮೇಜಿನಲ್ಲಿ ಊಟಕ್ಕೆ ಕೂತು, ಸುಂಕದ ಜಗಳಕ್ಕೆ 90 ದಿನ ವಿರಾಮ ಕೊಡೋಣ ಎಂದು ಒಪ್ಪಿಕೊಂಡರು. ಕೆನಡಾ ಪ್ರಧಾನಿ ಜಸ್ಟಿನ್ ಟ್ರೂಡೋ ಕೂಡ ಜಿ-20 ಸಭೆಗೆಂದು ಅಲ್ಲೇ ಇದ್ದರು. ಹಿಂದಿನ ದಿನವಷ್ಟೇ ಅವರು ಅಮೆರಿಕ ಮತ್ತು ಮೆಕ್ಸಿಕೋ ಜೊತೆ ಹೊಸ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದ್ದರು. ಕೆನಡಾದ ಉಕ್ಕು, ಅಲ್ಯುಮಿನಿಯಂ ಮೇಲೆ ಟ್ರಂಪ್ ಹಾಕಿದ್ದ ಸುಂಕ ಆಗ ಇನ್ನೂ ಇಳಿದಿರಲಿಲ್ಲ. ವ್ಯಾಂಕೂವರ್‌ನಲ್ಲಿ ಇಂಥದ್ದೊಂದು ಬಂಧನ ಆಗಲಿದೆ ಎಂಬುದು ಟ್ರೂಡೋಗೆ ಕೆಲವು ದಿನ ಮೊದಲೇ ಗೊತ್ತಿತ್ತು. ಇದು ಅವರೇ ಒಪ್ಪಿಕೊಂಡ ಮಾತು.

ಮುಂದಿನ ಮೂರು ವರ್ಷ ಕೆನಡಾ ಹೇಳಿದ್ದು ಒಂದೇ: ಇದು ಕಾನೂನಿನ ಕೆಲಸ, ರಾಜಕೀಯ ಅಲ್ಲ. ಬೀಜಿಂಗ್ ಅದನ್ನು ನಂಬಲಿಲ್ಲ. ಅದೇನೋ ಸರಿ. ಆದರೆ ವಾಷಿಂಗ್ಟನ್ ಕೂಡ ನಂಬಿದ ಹಾಗೆ ನಡೆದುಕೊಳ್ಳಲಿಲ್ಲ. ಕೆನಡಾಕ್ಕೆ ಜಾಸ್ತಿ ಏಟು ಬಿದ್ದಿದ್ದು ಈ ಎರಡನೆಯದರಿಂದ ಅಂತ ನನ್ನ ಲೆಕ್ಕ.

ಹಾಂಗ್‌ಕಾಂಗ್‌ನ ಒಂದು ಭೇಟಿ

ಆರೋಪದ ಮೂಲ 2013ರಲ್ಲಿದೆ. ಆ ವರ್ಷ ಆಗಸ್ಟ್‌ನಲ್ಲಿ ಮೆಂಗ್ ಹಾಂಗ್‌ಕಾಂಗ್‌ನಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕಿನ ಒಬ್ಬ ದೊಡ್ಡ ಅಧಿಕಾರಿಯನ್ನು ಭೇಟಿಯಾಗಿ, ಪವರ್‌ಪಾಯಿಂಟ್ ತೋರಿಸಿ ವಿವರಣೆ ಕೊಟ್ಟಿದ್ದರು. ಇರಾನ್‌ನಲ್ಲಿ ವ್ಯವಹಾರ ನಡೆಸುತ್ತಿದ್ದ ಸ್ಕೈಕಾಮ್ ಎಂಬ ಕಂಪನಿ ನಮ್ಮದಲ್ಲ, ಬರೀ ವ್ಯಾಪಾರದ ಪಾಲುದಾರ ಅಂತ ಹೇಳಿದರು ಎಂಬುದು ದೂರು. ಅಮೆರಿಕದ ಪ್ರಕಾರ ಸ್ಕೈಕಾಮ್ ಹುವಾವೇ ಹಿಡಿತದಲ್ಲೇ ಇತ್ತು. ಹಾಗಾಗಿ ಬ್ಯಾಂಕಿಗೆ ಸುಳ್ಳು ಹೇಳಿ, ಅದು ತನಗೇ ತಿಳಿಯದೆ ಅಮೆರಿಕದ ಇರಾನ್ ನಿರ್ಬಂಧಗಳನ್ನು ಮುರಿಯುವ ಅಪಾಯಕ್ಕೆ ಸಿಲುಕುವಂತೆ ಮಾಡಿದರು ಎಂದು ಕೇಸು. ನ್ಯೂಯಾರ್ಕ್‌ನ ಫೆಡರಲ್ ಕೋರ್ಟಿನಿಂದ 2018ರ ಆಗಸ್ಟ್‌ನಲ್ಲೇ ವಾರಂಟು ಹೊರಟಿತ್ತು.

ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ಹುವಾವೇ ಹೊಸ ಹೆಸರಲ್ಲ. ಕಂಪನಿಯ ಸಂಶೋಧನಾ ಕೇಂದ್ರ 1999ರಿಂದಲೇ ಇಲ್ಲಿದೆ. ಅಲ್ಲಿ ಕೆಲಸ ಮಾಡಿ ಬಂದವರು ಪರಿಚಯದವರಲ್ಲಿ ಒಬ್ಬರಾದರೂ ಸಿಗುತ್ತಾರೆ. ಆ ಹೊತ್ತಿಗೆ ಅಮೆರಿಕಕ್ಕೆ ಮಾತ್ರ ಹುವಾವೇ ಬರೀ ಫೋನ್ ಕಂಪನಿಯಾಗಿ ಉಳಿದಿರಲಿಲ್ಲ. 5ಜಿ ಜಾಲವನ್ನು ಜಗತ್ತಿಗೆಲ್ಲ ಯಾರು ಹಾಕಿಕೊಡುತ್ತಾರೆ ಎಂಬ ಪೈಪೋಟಿಯಲ್ಲಿ ಅದು ಎದುರಾಳಿ.

ಕೆನಡಾ ಮತ್ತು ಅಮೆರಿಕದ ನಡುವೆ 1971ರ ಹಸ್ತಾಂತರ ಒಪ್ಪಂದವಿದೆ. ಒಬ್ಬರು ಕೇಳಿದರೆ ಇನ್ನೊಬ್ಬರು ಆರೋಪಿಯನ್ನು ಹಿಡಿದು, ಕೋರ್ಟಿನ ಮುಂದೆ ನಿಲ್ಲಿಸಬೇಕು. ಆದರೆ ಆರೋಪ ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕು. ಮೆಂಗ್ ವಕೀಲರು ಹಿಡಿದ ಎಳೆ ಇದು. ಕೆನಡಾ 2016ರಲ್ಲೇ ಇರಾನ್ ಮೇಲಿನ ಹೆಚ್ಚಿನ ನಿರ್ಬಂಧ ತೆಗೆದಿದೆ, ಹಾಗಿದ್ದಾಗ ಇಲ್ಲಿ ಅಪರಾಧ ಎಲ್ಲಿ ಎಂದು ಕೇಳಿದರು. ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಾಧೀಶೆ ಹೆದರ್ ಹೋಮ್ಸ್ 2020ರ ಮೇ 27ರಂದು ಆ ವಾದ ಒಪ್ಪಲಿಲ್ಲ. ಇಲ್ಲಿ ಮುಖ್ಯ ವಿಷಯ ಬ್ಯಾಂಕಿಗೆ ಮಾಡಿದ ಮೋಸ, ಮೋಸ ಎರಡೂ ಕಡೆ ಅಪರಾಧವೇ ಎಂದರು. ಅದಕ್ಕೆ ನಾಲ್ಕು ದಿನ ಮೊದಲು ಮೆಂಗ್ ಕೋರ್ಟಿನ ಮೆಟ್ಟಿಲ ಮೇಲೆ ತಮ್ಮವರ ಜೊತೆ ಹೆಬ್ಬೆರಳು ಎತ್ತಿ ಫೋಟೋ ತೆಗೆಸಿಕೊಂಡಿದ್ದರು. ಗೆದ್ದೇ ಬಿಟ್ಟೆವು ಅನ್ನುವ ಹಾಗೆ.

ಒಂಬತ್ತು ದಿನದ ನಂತರ

ಬಂಧನವಾಗಿ ಒಂಬತ್ತು ದಿನ. ಡಿಸೆಂಬರ್ 10ರಂದು ಚೀನಾ ಇಬ್ಬರು ಕೆನಡಿಯನ್ನರನ್ನು ಹಿಡಿದುಕೊಂಡು ಹೋಯಿತು. ಇಬ್ಬರ ಹೆಸರೂ ಮೈಕಲ್. ಬೀಜಿಂಗ್‌ನಲ್ಲಿ ಸಿಕ್ಕವರು ಮೈಕಲ್ ಕೋವ್ರಿಗ್. ಕೆನಡಾ ವಿದೇಶಾಂಗ ಸೇವೆಯಿಂದ ರಜೆ ಪಡೆದು, ಇಂಟರ್‌ನ್ಯಾಷನಲ್ ಕ್ರೈಸಿಸ್ ಗ್ರೂಪ್ ಎಂಬ, ಯುದ್ಧ-ಸಂಘರ್ಷಗಳ ಅಧ್ಯಯನ ನಡೆಸುವ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. ಉತ್ತರ ಕೊರಿಯಾ ಗಡಿಯ ಡಾಂಡಾಂಗ್‌ನಲ್ಲಿ ಸಿಕ್ಕವರು ಮೈಕಲ್ ಸ್ಪೇವರ್. ಉತ್ತರ ಕೊರಿಯಾಕ್ಕೆ ಜನರನ್ನು ಪ್ರವಾಸ ಕರೆದೊಯ್ಯುವುದು ಅವರ ದಂಧೆ. ಕಿಮ್ ಜಾಂಗ್ ಉನ್ ಜೊತೆ ಖುದ್ದು ಪರಿಚಯ ಇದ್ದ ಕೆಲವೇ ಪಾಶ್ಚಾತ್ಯರಲ್ಲಿ ಒಬ್ಬರು.

ಮರುದಿನ ವ್ಯಾಂಕೂವರ್‌ನಲ್ಲಿ ಮೆಂಗ್‌ಗೆ ಜಾಮೀನು ಸಿಕ್ಕಿತು. ಒಂದು ಕೋಟಿ ಕೆನಡಿಯನ್ ಡಾಲರ್. ಕಾಲಿಗೆ ಜಿಪಿಎಸ್ ಪಟ್ಟಿ. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಆರರವರೆಗೆ ಮನೆಯಲ್ಲಿರಬೇಕು. ಹಗಲಲ್ಲಿ ಕಾವಲುಗಾರರ ಜೊತೆ ಊರಲ್ಲಿ ಓಡಾಡಬಹುದು. ಆ ಊರಲ್ಲಿ ಅವರ ಕುಟುಂಬಕ್ಕೆ ಎರಡು ಮನೆ ಇದ್ದವು. ವರ್ಷವಾದ ಮೇಲೆ ಬರೆದ ಒಂದು ಬಹಿರಂಗ ಪತ್ರದಲ್ಲಿ, ಈಗ ಪುಸ್ತಕವೊಂದನ್ನು ಮೊದಲಿಂದ ಕೊನೆವರೆಗೆ ಓದಲು, ಚಿತ್ರ ಬಿಡಿಸಲು ಸಮಯ ಸಿಗುತ್ತಿದೆ ಎಂದಿದ್ದರು.

ಕೋವ್ರಿಗ್ ಇದ್ದ ಕೋಣೆಯಲ್ಲಿ ಹಗಲೂ ರಾತ್ರಿ ದೀಪ ಆರುತ್ತಿರಲಿಲ್ಲ. ಸುಮಾರು ಆರು ತಿಂಗಳು ಒಂಟಿ ಸೆರೆ. ದಿನಕ್ಕೆ ಆರರಿಂದ ಒಂಬತ್ತು ಗಂಟೆ ವಿಚಾರಣೆ, ಕುರ್ಚಿಗೆ ಬಿಗಿದು ಕೂರಿಸಿ. ಒಂದು ಹಂತದಲ್ಲಿ ಊಟವನ್ನು ದಿನಕ್ಕೆ ಮೂರು ಬಟ್ಟಲು ಅನ್ನಕ್ಕೆ ಇಳಿಸಿದರು. ಕೆನಡಾ ರಾಯಭಾರ ಕಚೇರಿಯವರಿಗೆ ತಿಂಗಳಿಗೊಮ್ಮೆ, ಅರ್ಧ ಗಂಟೆ ಮಾತಾಡಿಸಲು ಬಿಡುತ್ತಿದ್ದರು. ಕೋವಿಡ್ ಬಂದ ಮೇಲೆ ಅದೂ ತಿಂಗಳುಗಟ್ಟಲೆ ನಿಂತಿತು. ಹಿಡಿದೊಯ್ದಾಗ ಅವರ ಸಂಗಾತಿ ಆರು ತಿಂಗಳ ಗರ್ಭಿಣಿ. ಮಗಳ ಮುಖವನ್ನು ಅವರು ಮೊದಲು ನೋಡಿದ್ದು ಅವಳಿಗೆ ಎರಡೂವರೆ ವರ್ಷ ಆದ ಮೇಲೆ.

ಎರಡಕ್ಕೂ ಸಂಬಂಧವೇ ಇಲ್ಲ ಅಂತ ಚೀನಾದ ವಕ್ತಾರರು ಹೇಳುತ್ತಲೇ ಇದ್ದರು. ಆದರೆ ಕೆನಡಾದ ರಾಜಧಾನಿ ಒಟ್ಟಾವಾದಲ್ಲಿದ್ದ ಚೀನಾ ರಾಯಭಾರಿ ಲು ಶಾಯೆ 2019ರ ಜನವರಿಯಲ್ಲೇ ಪತ್ರಿಕೆಯೊಂದಕ್ಕೆ ಬರೆದು, ತಮ್ಮ ದೇಶ ಮಾಡಿದ್ದನ್ನು ಆತ್ಮರಕ್ಷಣೆ ಎಂದು ಕರೆದರು. ಸಂಬಂಧವೇ ಇಲ್ಲ ಅಂದಮೇಲೆ ಆತ್ಮರಕ್ಷಣೆ ಯಾವುದರಿಂದ? ಅದೇ ತಿಂಗಳು ಡಾಲಿಯನ್ ನಗರದ ಕೋರ್ಟು ಇನ್ನೊಬ್ಬ ಕೆನಡಿಯನ್, ರಾಬರ್ಟ್ ಷೆಲೆನ್‌ಬರ್ಗ್ ಅವರ ಮಾದಕವಸ್ತು ಕೇಸನ್ನು ಮರುವಿಚಾರಣೆಗೆ ತೆಗೆದುಕೊಂಡಿತು. ಮೊದಲು ಕೊಟ್ಟಿದ್ದ 15 ವರ್ಷದ ಶಿಕ್ಷೆ ಒಂದೇ ದಿನದಲ್ಲಿ ಮರಣದಂಡನೆ ಆಯಿತು.

ಕನೋಲಾ ಮೇಲೆ ಬಿದ್ದ ಏಟು

ಕನೋಲಾ ಅಂದರೆ ನಮ್ಮ ಸಾಸಿವೆಯ ದಾಯಾದಿ. ಅದೇ ಹಳದಿ ಹೂವು, ಅದೇ ಸಣ್ಣ ಕಾಳು. 1970ರ ದಶಕದಲ್ಲಿ ಕೆನಡಾದ ತಳಿ ವಿಜ್ಞಾನಿಗಳೇ ಕಹಿ ಮತ್ತು ಬೇಡದ ಆಮ್ಲ ತೆಗೆದು ಅಡುಗೆ ಎಣ್ಣೆಗೆ ಒಗ್ಗಿಸಿದ ಬೆಳೆ. ಹೆಸರಿನಲ್ಲೂ ಕೆನಡಾ ಇದೆ. ಸಸ್ಕಾಚೆವನ್, ಆಲ್ಬರ್ಟಾ, ಮ್ಯಾನಿಟೋಬ ಪ್ರಾಂತ್ಯಗಳ ರೈತರ ಬದುಕು ಅದರ ಮೇಲೆ ನಿಂತಿದೆ. ಹೊರಗೆ ಹೋಗುವ ಕಾಳಿನಲ್ಲಿ ಸುಮಾರು 40% ಕೊಳ್ಳುತ್ತಿದ್ದದ್ದು ಚೀನಾ.

2019ರ ಮಾರ್ಚ್‌ನಲ್ಲಿ ಚೀನಾ, ಕಾಳಿನಲ್ಲಿ ಕೀಟ ಸಿಕ್ಕಿದೆ ಎಂದು ಎರಡು ದೊಡ್ಡ ರಫ್ತು ಕಂಪನಿಗಳ ಪರವಾನಗಿ ತಡೆಹಿಡಿಯಿತು: ರಿಚರ್ಡ್‌ಸನ್ ಮತ್ತು ವಿಟೆರಾ. ಕೆನಡಾದ ಪರೀಕ್ಷೆಯಲ್ಲಿ ಅಂಥದ್ದೇನೂ ಕಾಣಲಿಲ್ಲ. ಜೂನ್‌ನಲ್ಲಿ ಮಾಂಸದ ಸರದಿ. ನಕಲಿ ಪ್ರಮಾಣಪತ್ರ ಸಿಕ್ಕಿತೆಂದು ಕೆನಡಾದ ಎಲ್ಲ ಮಾಂಸವನ್ನೂ ನವೆಂಬರ್‌ವರೆಗೆ ನಿಲ್ಲಿಸಿದರು. ಈ ಏಟಿನ ಜಾಣತನ ನೋಡಿ. ನಿರ್ಬಂಧ ಅಂತ ಯಾರೂ ಘೋಷಿಸಲಿಲ್ಲ. ಕೀಟ, ಕಾಗದಪತ್ರ, ತಪಾಸಣೆ ಅಷ್ಟೇ. ಎಲ್ಲವೂ ನಿಯಮದ ಭಾಷೆಯಲ್ಲೇ. ನಾವು ಕಾನೂನು ಪಾಲಿಸಿದೆವು ಅಂದವರಿಗೆ, ನಾವೂ ನಮ್ಮ ಕಾನೂನು ಪಾಲಿಸುತ್ತಿದ್ದೇವೆ ಎಂಬ ಉತ್ತರ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಇಲ್ಲಿ ಒಂದು ತಿದ್ದುಪಡಿ ಬೇಕು. ಜಗಳ ಆಡುತ್ತಿದ್ದವರು ಮಧ್ಯೆ ಮಧ್ಯೆ ರಾಜಿಯನ್ನೂ ಮಾಡಿಕೊಳ್ಳುತ್ತಿದ್ದರು. 2019ರ ಡಿಸೆಂಬರ್‌ನಲ್ಲಿ ಟ್ರೂಡೋ, ಮೆಂಗ್ ಮತ್ತು ಇಬ್ಬರು ಮೈಕಲ್‌ಗಳ ವಿಷಯ ಬಗೆಹರಿಯದೆ ಚೀನಾ ಜೊತೆ ಅಂತಿಮ ವ್ಯಾಪಾರ ಒಪ್ಪಂದ ಮಾಡಿಕೊಳ್ಳಬೇಡಿ ಎಂದು ಅಮೆರಿಕಕ್ಕೆ ಹೇಳಿದ್ದಾಗಿ ಟಿವಿ ಸಂದರ್ಶನದಲ್ಲಿ ತಿಳಿಸಿದರು. 2020ರ ಜನವರಿ 15ರಂದು ಟ್ರಂಪ್ ಸರ್ಕಾರ ಚೀನಾ ಜೊತೆ ಮೊದಲ ಹಂತದ ಒಪ್ಪಂದಕ್ಕೆ ಸಹಿ ಹಾಕಿತು. ಅಮೆರಿಕದ ಸರಕನ್ನು ಇನ್ನೂ ಹೆಚ್ಚು ಕೊಳ್ಳುತ್ತೇವೆ ಎಂದು ಚೀನಾ ಒಪ್ಪಿತು. ಅದರಲ್ಲಿ ಅಮೆರಿಕದ ರೈತರ ಬೆಳೆಯೂ ಸೇರಿತ್ತು. ಅಮೆರಿಕದ ವಾರಂಟು ಜಾರಿ ಮಾಡಿದ ದೇಶದ ಆ ಎರಡು ಕಂಪನಿಗಳ ಕನೋಲಾ ಆಗ ಚೀನಾದ ಬಾಗಿಲ ಹೊರಗೇ ಇತ್ತು.

ಮಂತ್ರಿಯ ಕೈಲಿದ್ದ ಕೀಲಿ

ಕೆನಡಾದೊಳಗೆ ಈ ಪ್ರಕರಣ ದೊಡ್ಡ ವಾಗ್ವಾದ ಎಬ್ಬಿಸಿತು. ಮೊದಲು ಬೆಲೆ ತೆತ್ತವರು ಬೀಜಿಂಗ್‌ನಲ್ಲಿದ್ದ ಕೆನಡಾ ರಾಯಭಾರಿ ಜಾನ್ ಮೆಕ್ಯಾಲಮ್. 2019ರ ಜನವರಿಯಲ್ಲಿ ಅವರು ಚೀನೀ ಭಾಷೆಯ ಪತ್ರಕರ್ತರ ಮುಂದೆ, ಮೆಂಗ್ ಅವರ ವಾದಕ್ಕೆ ಒಳ್ಳೆಯ ಬಲ ಇದೆ ಎಂದುಬಿಟ್ಟರು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ಟ್ರಂಪ್ ಹೇಳಿಕೆ. ಮೆಂಗ್ ಬಂಧನವಾದ ಹತ್ತೇ ದಿನಕ್ಕೆ ಟ್ರಂಪ್ ರಾಯಿಟರ್ಸ್ ಸಂಸ್ಥೆಗೆ, ಚೀನಾ ಜೊತೆಗಿನ ವ್ಯಾಪಾರ ಮಾತುಕತೆಗೆ ಅನುಕೂಲ ಆಗುವುದಾದರೆ ಈ ಕೇಸಿನಲ್ಲಿ ಮಧ್ಯೆ ಬರುತ್ತೇನೆ ಎಂದಿದ್ದರು. ಇದು ಬರೀ ಕಾನೂನು ಎಂದು ಕೆನಡಾ ಊರೆಲ್ಲ ಹೇಳಿಕೊಂಡು ಬರುತ್ತಿದ್ದಾಗ, ವಾರಂಟು ಕಳಿಸಿದ ಮನೆಯ ಯಜಮಾನನೇ ಇದು ಚೌಕಾಸಿಯ ಸರಕು ಎಂದಂತಾಯಿತು. ಮೆಕ್ಯಾಲಮ್ ಹೇಳಿದ್ದರಲ್ಲಿ ತಪ್ಪೇನಿತ್ತು? ವಿಷಯದಲ್ಲಿ ಹೆಚ್ಚೇನೂ ಇಲ್ಲ. ರಾಯಭಾರಿ ಅದನ್ನು ಬಾಯಿಬಿಟ್ಟು ಹೇಳಬಾರದಿತ್ತು, ಅಷ್ಟೇ. ಜನವರಿ ಮುಗಿಯುವ ಮೊದಲೇ ಟ್ರೂಡೋ ಅವರ ರಾಜೀನಾಮೆ ಪಡೆದರು.

2020ರ ಜೂನ್ ಕೆನಡಾಕ್ಕೆ ಕೆಟ್ಟ ತಿಂಗಳು. 17ರಂದು ವಿಶ್ವಸಂಸ್ಥೆ ಭದ್ರತಾ ಮಂಡಳಿಯ ಸ್ಥಾನಕ್ಕೆ ನಡೆದ ಚುನಾವಣೆಯಲ್ಲಿ ನಾರ್ವೆ ಮತ್ತು ಐರ್ಲೆಂಡ್ ಎದುರು ಸೋತಿತು. ಬೇಕಿದ್ದದ್ದು 128 ಮತ, ಬಂದಿದ್ದು 108. ಎರಡು ದಿನ ಬಿಟ್ಟು ಚೀನಾ ಇಬ್ಬರು ಮೈಕಲ್‌ಗಳ ಮೇಲೆ ಗೂಢಚರ್ಯೆಯ ಆರೋಪ ದಾಖಲಿಸಿತು. ಅದರ ಬೆನ್ನಿಗೇ 19 ಮಂದಿ ಹಿರಿಯರು ಪ್ರಧಾನಿಗೆ ಪತ್ರ ಬರೆದರು. ಹಿಂದಿನ ವಿದೇಶಾಂಗ ಮಂತ್ರಿಗಳು, ಹಿಂದಿನ ಕಾನೂನು ಮಂತ್ರಿ, ಸುಪ್ರೀಂ ಕೋರ್ಟಿನ ಮಾಜಿ ನ್ಯಾಯಾಧೀಶೆ ಲೂಯಿಸ್ ಆರ್ಬರ್, ಹೀಗೆ ಎಲ್ಲ ತೂಕದ ಹೆಸರುಗಳು. ಕೆನಡಾದ ಹಸ್ತಾಂತರ ಕಾಯ್ದೆಯ 23ನೇ ಕಲಂ ಪ್ರಕಾರ ಕಾನೂನು ಮಂತ್ರಿ ಯಾವಾಗ ಬೇಕಾದರೂ ಪ್ರಕ್ರಿಯೆ ನಿಲ್ಲಿಸಬಹುದು, ಮೆಂಗ್ ಅವರನ್ನು ಬಿಟ್ಟು ನಮ್ಮವರನ್ನು ಕರೆತನ್ನಿ ಎಂದು ಕೇಳಿದರು.

ಟ್ರೂಡೋ ಒಪ್ಪಲಿಲ್ಲ. ಇವತ್ತು ಒತ್ತಡಕ್ಕೆ ಮಣಿದರೆ ನಾಳೆ ಹೊರದೇಶಗಳಲ್ಲಿ ಓಡಾಡುವ ಲಕ್ಷಾಂತರ ಕೆನಡಿಯನ್ನರಲ್ಲಿ ಯಾರನ್ನು ಬೇಕಾದರೂ ಹಿಡಿದು ಕೂರಿಸಿಕೊಳ್ಳುತ್ತಾರೆ ಎಂದರು.

ಈ ವಿಷಯದಲ್ಲಿ ನನಗೆ ಎರಡು ಮನಸ್ಸು. ಜೂನ್ 2020ರಲ್ಲಿ ಟ್ರೂಡೋ ಹೇಳಿದ್ದು ಸರಿ. ಜನರನ್ನು ಒತ್ತೆ ಇಟ್ಟುಕೊಂಡ ಮೇಲೆ ಕೊಟ್ಟ ಬೆಲೆ, ಮುಂದಿನ ಒತ್ತೆಗೆ ಮುಂಗಡ. ಆದರೆ ಸರ್ಕಾರದ ಕೈ ಕಟ್ಟಿಹಾಕಿದೆ, ಎಲ್ಲವೂ ಕೋರ್ಟಿನ ಕೈಯಲ್ಲಿದೆ ಎಂಬ ಮಾತು ಪೂರ್ತಿ ನಿಜವಲ್ಲ. ಕೀಲಿ ಮೊದಲಿನಿಂದಲೂ ಮಂತ್ರಿಯ ಜೇಬಿನಲ್ಲೇ ಇತ್ತು. ತೆಗೆಯದೇ ಇರುವುದೂ ಒಂದು ರಾಜಕೀಯ ತೀರ್ಮಾನವೇ. ನಾವು ಅಮೆರಿಕದ ಕಡೆ ನಿಂತಿದ್ದೇವೆ, ಕಾರಣ ಇಂಥದ್ದು ಎಂದು ಬಿಡಿಸಿ ಹೇಳುವ ಬದಲು, ನಾವು ಯಾವ ಕಡೆಯೂ ಇಲ್ಲ, ನಿಯಮದ ಕಡೆ ಇದ್ದೇವೆ ಎಂದರು. ಸುಮ್ನೆ ಹಾಗೆ ಹೇಳಿದರೆ ಯಾರು ಕೇಳುತ್ತಾರೆ? ಕೆನಡಾದ ರಫ್ತಿನಲ್ಲಿ ಮುಕ್ಕಾಲು ಪಾಲು ಆಗ ಅಮೆರಿಕಕ್ಕೆ ಹೋಗುತ್ತಿತ್ತು. ಈ ಲೆಕ್ಕ ಬೀಜಿಂಗ್‌ಗೂ ಗೊತ್ತಿತ್ತು.

ತಪ್ಪು ನಡೆದಿದ್ದರೆ ಅದು ಮೊದಲ ವಾರದಲ್ಲಿ. ಬಂಧನದ ಸುಳಿವು ಕೆಲವು ದಿನ ಮೊದಲೇ ಸಿಕ್ಕಿತ್ತು. ಚೀನಾದಲ್ಲಿರುವ ನಮ್ಮವರಿಗೆ ಏನಾಗಬಹುದು, ವಿಮಾನ ನಿಲ್ದಾಣದಲ್ಲಿ ಯಾರು ಏನು ಮಾಡಬೇಕು ಎಂದು ಕೂತು ಯೋಚಿಸಿದ ಲಕ್ಷಣ ಕಾಣುವುದಿಲ್ಲ. ಆ ಪಾಸ್‌ಕೋಡ್ ಚೀಟಿಯನ್ನೇ ನೋಡಿ. ಗಡಿ ಅಧಿಕಾರಿಗಳು ಅದನ್ನು ಪೊಲೀಸರಿಗೆ ದಾಟಿಸಿದ್ದು ತಪ್ಪಿನಿಂದ ಎಂದು ಆಮೇಲೆ ಕೋರ್ಟಿನಲ್ಲಿ ಒಪ್ಪಿಕೊಂಡರು. ಆ ಒಂದು ಚೀಟಿ ಮತ್ತು ಆ ಮೂರು ಗಂಟೆಯ ಮೇಲೆ ವಕೀಲರು ತಿಂಗಳುಗಟ್ಟಲೆ ವಾದ ಕಟ್ಟಿದರು. ಅಷ್ಟೂ ದಿನ ಇಬ್ಬರು ಚೀನಾದ ಜೈಲಿನಲ್ಲಿ ಕಾಯುತ್ತಿದ್ದರು.

ಒಂದೇ ದಿನ ಎರಡು ವಿಮಾನ

ಒಂಟಿಯಾಗಿ ಗುದ್ದಾಡಿದರೆ ಆಗದು ಎಂದು ಕೆನಡಾಕ್ಕೆ ಅರ್ಥವಾಗಿದ್ದು ನಿಧಾನಕ್ಕೆ. 2021ರ ಫೆಬ್ರುವರಿ 15ರಂದು, ದೇಶಗಳ ಜಗಳದಲ್ಲಿ ಜನರನ್ನು ಹಿಡಿದಿಡುವುದರ ವಿರುದ್ಧ ಒಂದು ಘೋಷಣೆ ಹೊರಡಿಸಿತು. 58 ಕಡೆಯಿಂದ ಬೆಂಬಲ ಬಂತು. ಚೀನಾದ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಮಾರ್ಚ್ 22ರಂದು ಬೀಜಿಂಗ್‌ನಲ್ಲಿ ಕೋವ್ರಿಗ್ ವಿಚಾರಣೆ ನಡೆದಾಗ 26 ದೇಶಗಳ ರಾಜತಾಂತ್ರಿಕರು ಕೋರ್ಟಿನ ಹೊರಗೆ ಬಂದು ನಿಂತರು. ಒಳಗೆ ಯಾರನ್ನೂ ಬಿಡಲಿಲ್ಲ. ಬಾಗಿಲು ಮುಚ್ಚಿಕೊಂಡೇ ವಿಚಾರಣೆ ಮುಗಿಯಿತು. ಆಗಸ್ಟ್ 11ರಂದು ಸ್ಪೇವರ್‌ಗೆ 11 ವರ್ಷ ಶಿಕ್ಷೆ ಎಂದರು.

ಕೊನೆಗೆ ಬೀಗ ತೆರೆದದ್ದು ಒಟ್ಟಾವಾ ಅಲ್ಲ. 2021ರ ಸೆಪ್ಟೆಂಬರ್ 24ರಂದು ಮೆಂಗ್ ವ್ಯಾಂಕೂವರ್‌ನಿಂದಲೇ ವಿಡಿಯೋ ಮೂಲಕ ನ್ಯೂಯಾರ್ಕ್‌ನ ಬ್ರೂಕ್ಲಿನ್ ಕೋರ್ಟಿನ ಮುಂದೆ ಹಾಜರಾದರು. ತಪ್ಪೊಪ್ಪಿಗೆ ಕೊಡಲಿಲ್ಲ. ಆದರೆ ಬ್ಯಾಂಕಿಗೆ ಹೇಳಿದ್ದರಲ್ಲಿ ನಿಜವಲ್ಲದ್ದು ಇತ್ತು ಎಂಬ ವಿವರಣೆಗೆ ಒಪ್ಪಿಗೆ ಕೊಟ್ಟರು. ಅಮೆರಿಕ ಕೇಸನ್ನು ಮುಂದೂಡಿ ಹಸ್ತಾಂತರದ ಕೋರಿಕೆ ಹಿಂತೆಗೆದುಕೊಂಡಿತು. ಹೋಮ್ಸ್ ಅವರ ಕೋರ್ಟಿನಲ್ಲಿ ವಾದವೆಲ್ಲ ಮುಗಿದು ತೀರ್ಪೊಂದೇ ಬಾಕಿ ಇತ್ತು. ಆ ತೀರ್ಪು ಬರಲೇ ಇಲ್ಲ.

ಅವತ್ತೇ ಮೆಂಗ್ ಅವರ ವಿಮಾನ ಶೆನ್‌ಝೆನ್ ಕಡೆ ಹೊರಟಿತು. ಅತ್ತ ಇಬ್ಬರು ಮೈಕಲ್‌ಗಳು ಕೆನಡಾ ಕಡೆ ವಿಮಾನ ಹತ್ತಿದರು. ಜೊತೆಗೆ ರಾಯಭಾರಿ ಡೊಮಿನಿಕ್ ಬಾರ್ಟನ್. ಕಾಯಿಲೆಯ ಕಾರಣಕ್ಕೆ ಜಾಮೀನು ಎಂದಿತು ಬೀಜಿಂಗ್. ಅವರು ಸೆರೆಯಲ್ಲಿದ್ದದ್ದು 1,019 ದಿನ. ಶೆನ್‌ಝೆನ್‌ನಲ್ಲಿ ಕೆಂಪು ಉಡುಪಿನ ಮೆಂಗ್‌ಗೆ ಬಾವುಟ, ಹೂವು, ಜೈಕಾರ. ಮೈಕಲ್‌ಗಳು ಕ್ಯಾಲ್ಗರಿಯಲ್ಲಿ ಇಳಿದಾಗ ಟ್ರೂಡೋ ಬಂದು ಅಪ್ಪಿಕೊಂಡರು.

ಆಮೇಲೆ

2022ರ ಮೇನಲ್ಲಿ ಚೀನಾ ಆ ಎರಡು ಕಂಪನಿಗಳ ಕನೋಲಾಕ್ಕೆ ಮತ್ತೆ ಬಾಗಿಲು ತೆರೆಯಿತು. ಅದೇ ವಾರ ಕೆನಡಾ ತನ್ನ 5ಜಿ ಜಾಲದಿಂದ ಹುವಾವೇಯನ್ನು ಹೊರಗಿಟ್ಟಿತು. ಇಬ್ಬರು ಜೈಲಿನಲ್ಲಿರುವವರೆಗೆ ಆ ತೀರ್ಮಾನವನ್ನು ವರ್ಷಗಟ್ಟಲೆ ಎಳೆದಿದ್ದರು ಎಂಬುದು ಯಾರಿಗೂ ಗುಟ್ಟಲ್ಲ. ಆ ವರ್ಷ ನವೆಂಬರ್‌ನಲ್ಲಿ ಬಂದ ಇಂಡೋ-ಪೆಸಿಫಿಕ್ ನೀತಿಯಲ್ಲಿ ಚೀನಾವನ್ನು ಹೆಚ್ಚು ಹೆಚ್ಚು ವ್ಯವಸ್ಥೆ ಕದಡುವ ಶಕ್ತಿ ಎಂಬ ಅರ್ಥದಲ್ಲಿ ಬರೆದರು. 2017ರ ಡಿಸೆಂಬರ್‌ನಲ್ಲಿ ಚೀನಾ ಜೊತೆ ಮುಕ್ತ ವ್ಯಾಪಾರದ ಆಸೆ ಹೊತ್ತು ಬೀಜಿಂಗ್‌ಗೆ ಹೋಗಿದ್ದದ್ದು ಇದೇ ಸರ್ಕಾರ.

ಕಥೆಗೆ ಒಂದು ಅಹಿತಕರ ಬಾಲವೂ ಇದೆ. ತಾನು ಕೋವ್ರಿಗ್ ಜೊತೆ ಆಡಿದ ಮಾತು ತನಗೆ ಗೊತ್ತಿಲ್ಲದಂತೆ ಕೆನಡಾ ಸರ್ಕಾರಕ್ಕೆ ಹೋಗಿತ್ತು, ಅದರಿಂದಲೇ ತಾನು ಸಿಕ್ಕಿಬಿದ್ದೆ ಎಂದು ಸ್ಪೇವರ್ ದೂರಿದರು. ತಾನು ಗೂಢಚಾರನಲ್ಲ ಎಂದು ಕೋವ್ರಿಗ್ ಗಟ್ಟಿಯಾಗಿ ನಿರಾಕರಿಸಿದರು. 2024ರಲ್ಲಿ ಸರ್ಕಾರ ಸ್ಪೇವರ್ ಜೊತೆ ಪರಿಹಾರದ ರಾಜಿ ಮಾಡಿಕೊಂಡಿತು. ಚೀನಾ ಮಾಡಿದ್ದು ಇದರಿಂದ ಸರಿಯಾಗುವುದಿಲ್ಲ. ಆದರೆ ತನ್ನ ರಾಜತಾಂತ್ರಿಕರು ಮಾಹಿತಿ ಕಲೆಹಾಕುವ ರೀತಿ ಹೊರಗಿನವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆ ಕೆನಡಾಕ್ಕೆ ಉಳಿದೇ ಉಳಿಯಿತು.

2024ರ ಅಕ್ಟೋಬರ್‌ನಲ್ಲಿ ಕೆನಡಾ ಮತ್ತೆ ಅಮೆರಿಕದ ಹೆಜ್ಜೆಯಲ್ಲೇ ಹೆಜ್ಜೆ ಇಟ್ಟು ಚೀನಾದ ಎಲೆಕ್ಟ್ರಿಕ್ ಕಾರುಗಳ ಮೇಲೆ 100% ಸುಂಕ ಹಾಕಿತು. 2025ರ ಮಾರ್ಚ್‌ನಲ್ಲಿ ಚೀನಾ ತಿರುಗೇಟು ಕೊಟ್ಟಿತು: ಕನೋಲಾ ಎಣ್ಣೆ, ಹಿಂಡಿ ಮತ್ತು ಬಟಾಣಿಗೆ 100%. ಆಗಸ್ಟ್‌ನಲ್ಲಿ ಕನೋಲಾ ಕಾಳಿಗೆ 75.8%. ಬಟಾಣಿ ಎಂದಾಗ ನಮ್ಮ ಕಲಬುರಗಿಯವರ ಕಿವಿ ನಿಮಿರುತ್ತದೆ ಅಲ್ವಾ? ಕೆನಡಾದ ಹಳದಿ ಬಟಾಣಿಗೆ ಚೀನಾ ಬಿಟ್ಟರೆ ದೊಡ್ಡ ಗಿರಾಕಿ ಭಾರತ. ಅಗ್ಗದ ಬಟಾಣಿ ಬಂದು ತೊಗರಿ ಬೆಲೆ ಬೀಳುತ್ತದೆ ಎಂಬುದು ಕಲಬುರಗಿ ರೈತರ ಹಳೆಯ ದೂರು.

ಅಷ್ಟರಲ್ಲಿ ಅಮೆರಿಕವೇ ತಿರುಗಿಬಿದ್ದಿತ್ತು. ಎರಡನೇ ಸಲ ಅಧ್ಯಕ್ಷರಾದ ಟ್ರಂಪ್ ಕೆನಡಾದ ಮೇಲೆ ಸುಂಕ ಹಾಕಿ, ಅದನ್ನು 51ನೇ ರಾಜ್ಯ ಎಂದು ಕರೆಯುತ್ತಿದ್ದರು. ಹೊಸ ಪ್ರಧಾನಿ ಮಾರ್ಕ್ ಕಾರ್ನಿ 2026ರ ಜನವರಿಯಲ್ಲಿ ಬೀಜಿಂಗ್‌ಗೆ ಹೋದರು. ಟ್ರೂಡೋ ಅವರ 2017ರ ಭೇಟಿಯ ನಂತರ ಕೆನಡಾ ಪ್ರಧಾನಿಯೊಬ್ಬರು ಅಲ್ಲಿಗೆ ಹೋಗಿದ್ದು ಅದೇ ಮೊದಲು. ಈ ಸಲ ಅಮೆರಿಕದ ಹೆಜ್ಜೆಯನ್ನು ಕಾಯಲಿಲ್ಲ. ವರ್ಷಕ್ಕೆ 49,000 ಚೀನೀ ಎಲೆಕ್ಟ್ರಿಕ್ ಕಾರುಗಳನ್ನು 6.1% ಸುಂಕದಲ್ಲಿ ಒಳಗೆ ಬಿಡುವುದಾಗಿ ಒಪ್ಪಿದರು. ಅದಕ್ಕೆ ಪ್ರತಿಯಾಗಿ ಬೀಜಿಂಗ್ ಸುಂಕ ಇಳಿಸಲು ಒಪ್ಪಿದ ಸರಕುಗಳಲ್ಲಿ ಮೊದಲು ಎದ್ದು ಕಂಡದ್ದು ಕನೋಲಾ ಕಾಳು.